ಎಬ್ಬಿಸುವವಳು ಮರೆತ ಮಾತು

ಆ ಊರಲ್ಲಿ ಯಾರೂ ಒಂಟಿಯಾಗಿ ದೋಣಿ ಹತ್ತುವುದಿಲ್ಲ. ನೋಡುವವರಿಗೆ ಒಬ್ಬನೇ ಬಂದ ಹಾಗೆ ಕಂಡರೂ ಅವನೊಳಗೆ ಅಜ್ಜಿಯೊಬ್ಬಳು ಕೂತಿರುತ್ತಾಳೆ. ಅಂಬಿಗ ಹುಟ್ಟು ಕೈಗೆತ್ತಿಕೊಳ್ಳುವ ಮೊದಲು ಕೇಳುವುದು ಒಂದೇ ಮಾತು.

"ಅಜ್ಜೀನ ಕೇಳಿದ್ಯಾ?"

ಬಂದವನು ಕಣ್ಣು ಮುಚ್ಚುತ್ತಾನೆ. ಒಳಗೆ ತಿರುಗುತ್ತಾನೆ. ಕೇಳುತ್ತಾನೆ. ಅಜ್ಜಿ ಹೂಂ ಅಂದರೆ ದೋಣಿ ಹೊರಟಿತು. ಊಹೂಂ ಅಂದರೆ ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದಿರುಗಿದ. ವಾದವಿಲ್ಲ, ಗೊಣಗಾಟವಿಲ್ಲ. ಒಮ್ಮೆ ಕೇಳಿದ ಮೇಲೆ ಆ ಊರಿನವರ ಕೈಕಾಲು ಅಜ್ಜಿ ಹೇಳಿದಂತೆ ತಾವಾಗಿಯೇ ನಡೆಯುತ್ತವೆ. ನೀವು ನಗುತ್ತೀರಿ, ನಗಿ. ನಿಮ್ಮ ಕೈಕಾಲು ಯಾರ ಮಾತು ಕೇಳಿ ನಡೆಯುತ್ತಿವೆ ಅಂತ ನಾನೇನೂ ಕೇಳಲಿಲ್ಲವಲ್ಲ.

ಊರಿನ ಹೊಲಗದ್ದೆ, ದುಡಿಮೆ, ಮದುವೆಯ ಚಪ್ಪರ ಎಲ್ಲ ಇರುವುದು ಹೊಳೆಯ ನಡುವಿನ ನಡುಗಡ್ಡೆಯಲ್ಲಿ. ದೋಣಿ ಹತ್ತದವನಿಗೆ ಬದುಕಿಲ್ಲ ಅಂತಲೇ ಲೆಕ್ಕ. ನಡುಗಡ್ಡೆಯ ಆಚೆಗೆ ಇನ್ನೊಂದು ದಡ ಇದೆ, ಮೂರು ಹೊತ್ತೂ ಮಂಜು ಮುಚ್ಚಿಕೊಂಡಿರುತ್ತದೆ. ಅಲ್ಲಿಗೆ ಹೋಗಲು ಯಾವ ಅಜ್ಜಿಯೂ ಯಾರಿಗೂ ಹೂಂ ಅಂದಿಲ್ಲ. ಹಾಗಾಗಿ ಆ ಕಡೆ ಯಾರೂ ತಿರುಗಿ ನೋಡುವುದೂ ಇಲ್ಲ.

ಅಜ್ಜಿ ಹುಟ್ಟುತ್ತಲೇ ಒಳಗಿರುವವಳಲ್ಲ, ಅವಳನ್ನು ಎಬ್ಬಿಸಬೇಕು. ಏಳು ವರ್ಷ ತುಂಬುವವರೆಗೆ ಮಗು ಹಸಿ ಮಗು. ಓಡುತ್ತದೆ, ಬೀಳುತ್ತದೆ, ಹಗಲೆಲ್ಲ ಹರಟುತ್ತದೆ. ಅದರ ಮಾತನ್ನು ಮಾತು ಅಂತ ಯಾರೂ ಎಣಿಸುವುದಿಲ್ಲ. ಏಳು ತುಂಬಿದ ದಿನ ಹೊಳೆದಂಡೆಯ ಕಣದಲ್ಲಿ ಚಾಪೆ ಹಾಸುತ್ತಾರೆ. ಮಗುವಿನ ತಲೆಯ ಮೇಲೆ ಬಿಳಿ ಬಟ್ಟೆ ಹೊದಿಸಿ ಒಂದೊಂದೇ ಚಾಪೆ ದಾಟಿಸುತ್ತಾರೆ. ಮೊದಲ ಚಾಪೆಯಲ್ಲಿ ಅಜ್ಜಿ ಏಳುತ್ತಾಳೆ. ಅದರ ಮುಂದಿನದರಲ್ಲಿ ತಾಯಿತಂದೆಯ ಬೀದಿ ಏಳುತ್ತದೆ. ಕೊನೆಯದರಲ್ಲಿ ಮಗು ತಾನೇ ಏಳುತ್ತದೆ. ಬುಡ ಏಳದೆ ಕೊಂಬೆ ಏಳಬಾರದು, ಕೊಂಬೆ ಏಳದೆ ಚಿಗುರು ಏಳಬಾರದು. ಇದು ಕ್ರಮ.

ಈ ಕ್ರಮವನ್ನು ಕಾಯುವವಳು ಎಬ್ಬಿಸುವವಳು. ಅವಳಿಗೆ ಬೇರೆ ಹೆಸರಿಲ್ಲ. ಮಗುವಿನ ನೆತ್ತಿಯ ಮೇಲೆ ಎರಡೂ ಅಂಗೈ ಇಟ್ಟು "ಏಳು" ಅನ್ನುವುದು ಅವಳ ಕೆಲಸ. ಕಿವಿಯಲ್ಲಿ ಮಾತು ಹಾಕುವುದು ಬೀದಿಯ ಹಿರಿಯರ ಕೆಲಸ. ಮಾತು ಯಾವುದೋ ಅಜ್ಜಿ ಅದೇ ಆಗಿ ಏಳುತ್ತಾಳೆ.

ಊರಿಗೆ ಇರುವುದು ಎರಡೇ ಬೀದಿ, ಮೇಲುಬೀದಿ ಮತ್ತು ಕೆಳಬೀದಿ. ಎರಡಕ್ಕೂ ಮೂಲ ಒಬ್ಬಳೇ ಅಜ್ಜಿ. ಅವಳ ಹಿರಿಮಗಳ ಸಂತಾನ ಮೇಲುಬೀದಿ, ಕಿರಿಮಗಳ ಸಂತಾನ ಕೆಳಬೀದಿ. ಹಿರಿಮಗಳ ನೆನಪಿನಲ್ಲಿ ತಾಯಿ ಯಾವಾಗಲೂ ಗಂಟುಮೂಟೆ ಕಟ್ಟಿ ಹೊರಟವಳು. ಕಿರಿಮಗಳ ನೆನಪಿನಲ್ಲಿ ತಾಯಿ ಯಾವಾಗಲೂ ಹೊಸ್ತಿಲ ಮೇಲೆ ಕೂತವಳು. ಹಾಗಾಗಿ ಮೇಲುಬೀದಿಯವರು ಮಗುವಿನ ಕಿವಿಯಲ್ಲಿ "ನೀನು ಹೊರಟವಳು" ಅನ್ನುತ್ತಾರೆ, ಅಜ್ಜಿ ಎದ್ದು ಬಲಭುಜದಲ್ಲಿ ಕೂರುತ್ತಾಳೆ. ಕೆಳಬೀದಿಯವರು "ನೀನು ಉಳಿದವಳು" ಅನ್ನುತ್ತಾರೆ, ಅಜ್ಜಿ ಎದ್ದು ಎಡಮೊಣಕಾಲಿನಲ್ಲಿ ಕೂರುತ್ತಾಳೆ. ಯಾರದು ಸರಿ ಅಂತ ಮಾತ್ರ ಕೇಳಬೇಡಿ. ಕೇಳಿದವರು ತಲೆ ಒಡೆಸಿಕೊಂಡು ಬಂದಿದ್ದಾರೆ.

ತಲೆಮಾರುಗಳ ಕಾಲ ಮೇಲುಬೀದಿಯವರು ಮೇಲುಬೀದಿಯಲ್ಲೇ ಹೆಣ್ಣು ತಂದರು, ಕೆಳಬೀದಿಯವರು ಕೆಳಬೀದಿಯಲ್ಲೇ ಕೊಟ್ಟರು. ಏನೂ ತೊಂದರೆಯಿರಲಿಲ್ಲ. ಆಮೇಲೆ ಒಂದು ಸಲ ಮೇಲುಬೀದಿಯ ಹುಡುಗಿಯೊಬ್ಬಳು ಕೆಳಬೀದಿಯ ಹುಡುಗನನ್ನು ಕಟ್ಟಿಕೊಂಡಳು. ಅವರಿಗೆ ಗಂಡುಮಗು ಆಯಿತು, ಅದಕ್ಕೆ ಏಳೂ ತುಂಬಿತು. ಕಣದಲ್ಲಿ ಚಾಪೆ ಹಾಸಿದರು. ತಾಯಿಯ ಬೀದಿಯವರು ಬಂದರು, ತಮ್ಮ ಪದ್ಧತಿಯಂತೆ ಮೊದಲು ಅಜ್ಜಿಯನ್ನು ಎಬ್ಬಿಸಿ ಆಮೇಲೆ ತಮ್ಮ ಬೀದಿಯನ್ನು ಎಬ್ಬಿಸಿದರು. ತಂದೆಯ ಬೀದಿಯವರು ಬಂದರು, ತಮ್ಮ ಪದ್ಧತಿಯಂತೆ ಮೊದಲು ಅಜ್ಜಿಯನ್ನು ಎಬ್ಬಿಸಿ ಆಮೇಲೆ ತಮ್ಮ ಬೀದಿಯನ್ನು ಎಬ್ಬಿಸಿದರು. ಯಾರೂ ತಪ್ಪು ಮಾಡಲಿಲ್ಲ. ಗ್ರಹಚಾರ ನೋಡಿ, ಯಾರೂ ತಪ್ಪು ಮಾಡಲೇ ಇಲ್ಲ.

ಎಬ್ಬಿಸುವವಳಿಗೆ ಅದು ಕೆಲಸಕ್ಕೆ ಬಂದ ಮೊದಲ ವರ್ಷ. ಎರಡನೆಯ ಸಲ "ಅಜ್ಜಿ, ಏಳು" ಅನ್ನುವಾಗ ಅವಳ ಅಂಗೈ ಕೆಳಗೆ ಏನೋ ಸೀಳಿದಂತಾಯಿತು. ಹಿರಿಯರ ಮುಂದೆ ತಾನೇನು ಹೇಳುವುದು ಅಂತ ತುಟಿ ಕಚ್ಚಿಕೊಂಡಳು.

ಹುಡುಗ ದೋಣಿಯ ಹತ್ತಿರ ಬಂದ. ಅಂಬಿಗ ಕೇಳಿದ. ಹುಡುಗ ಕಣ್ಣು ಮುಚ್ಚಿದ. ಭುಜದಲ್ಲಿ ಕೂತವಳು ಹೂಂ ಅಂದಳು, ಮೊಣಕಾಲಿನಲ್ಲಿ ಕೂತವಳು ಊಹೂಂ ಅಂದಳು. ಬಲಗಾಲು ದೋಣಿಯ ಕಡೆಗೆ ಎದ್ದಿತು, ಎಡಗಾಲು ಕೆಸರಲ್ಲಿ ಊರಿತು. ಅದಾಗಿ ಹದಿನಾರು ವರ್ಷವಾಯಿತು. ಎದ್ದ ಕಾಲು ಇನ್ನೂ ಇಳಿದಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡ ಹೆಂಡಿರು ಚೆನ್ನಾಗಿಯೇ ಇದ್ದರು, ಜಗಳವೆಲ್ಲ ಅಜ್ಜಿಯರದು. ಆಗ ಕೆಲವರು "ಇಳಿಸಿಬಿಡಿ" ಅಂದರು. ಇಳಿಸುವುದು ಅಂದರೆ ಎಬ್ಬಿಸಿದ್ದರ ತಿರುಗುಮುರುಗು: ಮೊದಲು ಮಗು, ಆಮೇಲೆ ಬೀದಿಗಳು, ಕಡೆಗೆ ಅಜ್ಜಿ. ಎಬ್ಬಿಸಿದ ಕೈಯೇ ಇಳಿಸಬೇಕು, ಬೇರೆ ಕೈ ನಡೆಯುವುದಿಲ್ಲ. ಇಳಿಸಿದ ಮೇಲೆ ಚಾಪೆಯ ಮೇಲೆ ಉಳಿಯುವುದು ಬರೀ ಬಿಳಿ ಬಟ್ಟೆ. ಆದರೆ ಇಬ್ಬರು ಅಜ್ಜಿಯರಲ್ಲಿ ಯಾರನ್ನು ಮೊದಲು ಇಳಿಸಬೇಕು ಅಂತ ಎರಡು ಬೀದಿಗೂ ಜಗಳ ಹತ್ತಿತು. ಆ ಜಗಳ ಹರಿಯಲೇ ಇಲ್ಲ, ಹುಡುಗ ಹಾಗೇ ಉಳಿದ. ಈಗ ಅವನಿಗೆ ಮೀಸೆ ಬಂದಿದೆ. ಊರು ಅವನನ್ನು ನಿಂತವನು ಅನ್ನುತ್ತದೆ.

ಎಬ್ಬಿಸುವವಳು ದಿನವೂ ಬಂದು ಆ ಎತ್ತಿದ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾಳೆ. ಅದರ ಕೆಳಗೆ ಆಸರೆಗೆ ಅಂತ ಇಟ್ಟ ಮರದ ತುಂಡನ್ನು ಸರಿಮಾಡುತ್ತಾಳೆ. ಅವನು ಮಾತಾಡುವುದಿಲ್ಲ, ಒಂದು ಮಾತು ತುಟಿಗೆ ಬರುವಷ್ಟರಲ್ಲಿ ಅದರ ಎದುರು ಮಾತೂ ಬಂದು ಎರಡೂ ಅಲ್ಲೇ ನಿಲ್ಲುತ್ತವೆ. ಅವಳೂ ಮಾತಾಡುವುದಿಲ್ಲ. ಏನಂತ ಮಾತಾಡುವುದು ಹೇಳಿ. ಹದಿನಾರು ವರ್ಷದಿಂದ ಅವಳಿಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಅನ್ನದ ಮುಂದೆ ಕೂತರೆ ಅರ್ಧಕ್ಕೇ ಎದ್ದು ಹೋಗಿ ಹೊಳೆದಂಡೆ ನೋಡಿ ಬರುತ್ತಾಳೆ.

ಇಷ್ಟರಲ್ಲಿ ಅದೇ ಗಂಡ ಹೆಂಡತಿಗೆ ತಡವಾಗಿ ಒಂದು ಹೆಣ್ಣುಮಗು ಆಯಿತು. ಅದಕ್ಕೂ ಏಳು ತುಂಬುತ್ತಾ ಬಂತು.

ಒಂದು ಬೆಳಿಗ್ಗೆ ತಾಯಿ ಬಂದು ಎಬ್ಬಿಸುವವಳ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಅಕ್ಕಾ, ಒಬ್ಬನ್ನ ನಿಲ್ಲಿಸಿದ್ದು ಸಾಕು. ಇವಳನ್ನೂ ಅಲ್ಲಿ ನಿಲ್ಲಿಸಬೇಡ."

"ನಾನು ನಿಲ್ಲಿಸಿದ್ನೇನವ್ವಾ..." ಅಂದಳು ಎಬ್ಬಿಸುವವಳು. ಅಂದು ಮುಗಿಸಲಿಲ್ಲ. ಹೌದು, ತಾನೇ ನಿಲ್ಲಿಸಿದ್ದು.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಸವೆದುಹೋಯ್ತು. ನಿನ್ನ ಅಂಗೈ ಕೆಳಗೆ ಏನಾಯ್ತು ಅಂತ ನಿನಗೊಬ್ಬಳಿಗೇ ಗೊತ್ತಿರೋದು. ದಾರಿ ಇದ್ರೆ ಹುಡುಕು. ಇಲ್ದಿದ್ರೆ ಈಗ್ಲೇ ಹೇಳು, ಇವಳನ್ನ ಎಬ್ಬಿಸೋದೇ ಬೇಡ, ಹಸಿಯಾಗೇ ಇರ್ಲಿ."

ಹಸಿಯಾಗಿ ಉಳಿದವರಿಗೆ ಆ ಊರಲ್ಲಿ ಹೆಸರಿಲ್ಲ, ಹೊಲವಿಲ್ಲ, ಸತ್ತರೆ ಅಳುವವರಿಲ್ಲ. ಅದು ತಾಯಿಗೆ ಗೊತ್ತಿದ್ದೇ ಅಂದ ಮಾತು.

ಅವತ್ತಿನಿಂದ ಅವಳು ಕಣದಲ್ಲಿ ಖಾಲಿ ಚಾಪೆ ಹಾಸಿಕೊಂಡು ಅತ್ತಿಂದಿತ್ತ ನಡೆದಳು. ಮೊದಲ ಚಾಪೆಯಿಂದ ಕೊನೆಯದಕ್ಕೆ, ಕೊನೆಯದರಿಂದ ಮೊದಲಿಗೆ. ಅಜ್ಜಿ ಒಬ್ಬಳೇ ಇರಬೇಕು. ಒಬ್ಬಳೇ ಇರಬೇಕಾದರೆ ಒಬ್ಬರೇ ಎಬ್ಬಿಸಬೇಕು. ಮೇಲುಬೀದಿ ಎಬ್ಬಿಸಿದರೆ ಕೆಳಬೀದಿ ಬಿಡುವುದಿಲ್ಲ, ಕೆಳಬೀದಿ ಎಬ್ಬಿಸಿದರೆ ಮೇಲುಬೀದಿ ಬಿಡುವುದಿಲ್ಲ. ಹಾಗಾದರೆ ಯಾರು? ಹೀಗೆ ನಡೆದೂ ನಡೆದೂ ಅವಳ ಹಿಮ್ಮಡಿ ಒಡೆಯಿತು. ಎಷ್ಟೋ ದಿನವಾದ ಮೇಲೆ ಕೊನೆಯ ಚಾಪೆಯ ಮೇಲೆ ಬಂದು ನಿಂತವಳು ಅಲ್ಲೇ ನಿಂತುಬಿಟ್ಟಳು. ಬಗ್ಗಿ ಆ ಚಾಪೆಯನ್ನು ಕೈಯಿಂದ ತಟ್ಟಿ ನೋಡಿದಳು.

ಎರಡೂ ಬೀದಿಯ ಹಿರಿಯರನ್ನು ಕರೆಸಿದಳು. ಮೇಲುಬೀದಿಯಿಂದ ಯಜಮಾನ ಬಂದ, ಕೆಳಬೀದಿಯಿಂದ ಯಜಮಾನಿ ಬಂದಳು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತರು.

"ಕೇಳಿ" ಅಂದಳು ಎಬ್ಬಿಸುವವಳು. "ಮೊದಲ ಚಾಪೆ ಹತ್ರ ಇಬ್ಬರೂ ಬನ್ನಿ. ಬರಬೇಡಿ ಅನ್ನಲ್ಲ. ಆದ್ರೆ ನಿಮ್ಮಿಬ್ಬರ ಕೈಗೂ ಹಳದಿ ದಾರ ಕಟ್ಟಿರ್ತೀನಿ. ದಾರ ಇರೋ ಕೈ ಅಜ್ಜಿ ಚಾಪೇನ ಮುಟ್ಟಂಗಿಲ್ಲ. ದಾಟ್ಕೊಂಡು ಹೋಗಿ ನಿಮ್ಮ ನಿಮ್ಮ ಬೀದೀನ ನೀವು ನೀವು ಎಬ್ಬಿಸ್ಕೊಳ್ಳಿ."

"ಅಜ್ಜೀನ ಯಾರು ಎಬ್ಬಿಸ್ತಾರಂತೆ?" ಅಂದ ಯಜಮಾನ.

"ಎಲ್ಲರಿಗಿಂತ ಕೊನೇಲಿ ಬರೋಳು. ಆ ಹುಡುಗಿ."

ಯಜಮಾನ ತೊಡೆ ತಟ್ಟಿಕೊಂಡು ನಕ್ಕ. "ಇನ್ನೂ ಏಳದೇ ಇರೋಳು ಅಜ್ಜೀನ ಎಬ್ಬಿಸ್ತಾಳಂತೆ! ಕೂಸು ಹುಟ್ಟೋ ಮುಂಚೆ ಕುಲಾವಿ ಅಂದ್ರೆ ಇದೇ ನೋಡು." ಬೆನ್ನು ಕೊಟ್ಟು ಕೂತಿದ್ದ ಯಜಮಾನಿಗೂ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು.

"ನಗಿ. ಎರಡು ಬೀದೀನೂ ಬಂದು ಸೇರೋದು ಎಲ್ಲಿ? ನಿಮ್ಮಲ್ಲಾ? ಅವಳಲ್ಲಿ. ನಿಮ್ಮ ಬೀದಿಗೆ ಇನ್ನೊಂದು ಬೀದಿ ಇದೆ ಅನ್ನೋದೇ ಗೊತ್ತಿಲ್ಲ. ಅಜ್ಜಿ ಒಬ್ಬಳೇ ಸಾಕು ಅಂತ ಗೊತ್ತಿರೋದು ಅವಳೊಬ್ಬಳಿಗೆ. ಹಂಗಾಗಿ ಶುರುವೂ ಅವಳದೇ, ಮುಗಿಯೋದೂ ಅವಳದೇ. ನಡುವಿನ ಗೇಯ್ಮೆ ನಿಮ್ಮದು. ಅವಳ ಪರವಾಗಿ ಮೊದಲು ಕೈ ಇಡೋಳು ನಾನು."

ಯಜಮಾನಿ ಈಗ ತಿರುಗಿ ಕೂತಳು. "ಅಜ್ಜಿ ಎಲ್ಲಿ ಕೂರ್ತಾಳೆ? ನಮ್ಮೋರು ಮೊಣಕಾಲಿಗೆ ತಿರುಗ್ತೀವಿ, ಇವರು ಭುಜಕ್ಕೆ ತಿರುಗ್ತಾರೆ."

"ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಕೂರ್ತಾಳೆ. ಅಜ್ಜಿ, ಎರಡು ಬೀದಿ, ಮೂರಕ್ಕೂ ಜಾಗ ಆಗ್ಬೇಕಲ್ಲ ಒಳಗೆ." ಎಬ್ಬಿಸುವವಳು ಗಂಟು ಹಾಕಿದ ಎರಡು ದಾರ ತೆಗೆದು ಮುಂದಿಟ್ಟಳು. ಒಂದಕ್ಕೆ ಐದು ಗಂಟು, ಒಂದಕ್ಕೆ ಎರಡು. "ಇದು ನಿಮ್ಮ ಬೀದಿಗೆ, ಇದು ಅವರದಕ್ಕೆ. ನೀವು ನಿಂತಲ್ಲಿಂದ ಅಜ್ಜಿ ಎಷ್ಟು ಗಂಟು ದೂರ ಅಂತ ಇದರಲ್ಲಿದೆ. ರೂಢಿ ಮೇಲೆ ತಿರುಗಬೇಡಿ, ಅಲ್ಲಿ ಯಾರೂ ಇರಲ್ಲ. ದಾರ ಹಿಡ್ಕೊಂಡು ಹೋಗಿ."

ಇಬ್ಬರೂ ಒಪ್ಪಿದರು ಅಂತ ಹೇಳಲಾರೆ. ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ದಾರ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದರು.

ದಿನ ಬಂತು. ಕಣದಲ್ಲಿ ನಾಲ್ಕು ಚಾಪೆ ಹಾಸಿದರು. ಹುಡುಗಿಯ ತಲೆಯ ಮೇಲೆ ಬಿಳಿ ಬಟ್ಟೆ ಹೊದಿಸಿದರು. ಎಬ್ಬಿಸುವವಳು ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ. ಯಜಮಾನನ ಕೈಗೆ ದಾರ ಕಟ್ಟಿದಳು, ಎಳೆದು ನೋಡಿದಳು. ಯಜಮಾನಿಯ ಕೈಗೆ ದಾರ ಕಟ್ಟಿದಳು, ಎಳೆದು ನೋಡಿದಳು. ಮತ್ತೆ ಯಜಮಾನನ ದಾರ ಎಳೆದು ನೋಡಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ನಾಲ್ಕು ಕೈಗಳನ್ನೇ ಕಾದಳು.

ಹಿರಿಯರು ಸುಮ್ಮನಿರುವ ಜಾತಿಯೇ? ಕೈ ಕಟ್ಟಿದ್ದರೂ ಬಾಯಿ ಕಟ್ಟಿರಲಿಲ್ಲ. ಮೊದಲ ಚಾಪೆ ದಾಟುವಾಗ ಯಜಮಾನ ಬಗ್ಗಿ, "ನೀನು ಹೊರಟವಳು" ಅಂದ. ಯಜಮಾನಿ ಬಗ್ಗಿ, "ನೀನು ಉಳಿದವಳು" ಅಂದಳು. ದಾರ ಕಟ್ಟಿಸಿಕೊಂಡವರ ಮಾತಿಗೆ ಆ ಚಾಪೆಯ ಮೇಲೆ ಬೆಲೆಯಿಲ್ಲ. ಎರಡು ಮಾತೂ ಕಿವಿಯವರೆಗೆ ಹೋಗಿ, ಒಳಗೆ ಹೋಗದೆ, ಹೊಟ್ಟಿನ ಹಾಗೆ ಕೆಳಗೆ ಉದುರಿದವು. ಎಬ್ಬಿಸುವವಳಿಗೆ ಅದು ಕಂಡಿತು, ಸಮಾಧಾನವೂ ಆಯಿತು. ನೆತ್ತಿಯ ಮೇಲೆ ಎರಡು ಅಂಗೈ ಇಟ್ಟಳು.

"ಕೊನೆಯವಳ ಹೆಸರಲ್ಲಿ, ಅಜ್ಜಿ, ಏಳು."

ಅಜ್ಜಿ ಎದ್ದಳು. ಅಂಗೈ ಕೆಳಗೆ ಏನೂ ಸೀಳಲಿಲ್ಲ. ಒಬ್ಬಳೇ. ಎಬ್ಬಿಸುವವಳ ಕಣ್ಣಲ್ಲಿ ನೀರು ಬಂತು.

ಎರಡನೆಯ ಚಾಪೆ. ಯಜಮಾನ ಗಂಟಿನ ದಾರವನ್ನು ಮಗುವಿನ ಕೈಗಿಟ್ಟ, ತಾಯಿಯ ಬೀದಿ ಎದ್ದಿತು. ತಂದೆಯಾದವನು ಅಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. ಬಟ್ಟೆಯ ಕೆಳಗೆ ಮಗು ಅಲುಗಾಡಿದ್ದು ನೋಡಿ ಬಾಯಿ ಬಿಟ್ಟೇಬಿಟ್ಟ.

"ಮಗಳೇ!"

ಬಟ್ಟೆಯ ಒಳಗಿಂದ ದಪ್ಪ ದನಿ ಬಂತು. "ಯಾರಯ್ಯ ನೀನು? ನಾವು ಮೇಲುಬೀದಿಯೋರು. ಕೆಳಬೀದಿಯೋನು ನಮ್ಮ ಚಾಪೆ ಹತ್ರ ಏನು ಮಾಡ್ತಿದೀಯಾ?"

ತಂದೆ ಕುಸಿದು ಕೂತ. ಎಬ್ಬಿಸುವವಳಿಗೆ ಸಿಟ್ಟು ನೆತ್ತಿಗೇರಿತು. "ಅರ್ಧ ಎದ್ದೋರನ್ನ ಕರೀಬೇಡಿ ಅಂತ ಗಿಣಿಗೆ ಹೇಳ್ದಂಗೆ ಹೇಳಿದ್ದೆ! ಎಷ್ಟು ಎದ್ದಿದೆಯೋ ಅಷ್ಟೇ ಉತ್ತರ ಕೊಡುತ್ತೆ. ಅವಳು ಇನ್ನೂ ನಿನ್ನ ಮಗಳಾಗಿಲ್ಲ. ಬಾಯಿ ಮುಚ್ಕೊಂಡು ಇನ್ನೆರಡು ಚಾಪೆ ಕಾಯಿ."

ಮೂರನೆಯ ಚಾಪೆ. ಯಜಮಾನಿಯೂ ತನ್ನ ಗಂಟಿನ ದಾರ ಕೊಟ್ಟಳು, ತಂದೆಯ ಬೀದಿ ಎದ್ದಿತು. ಈ ಸಲ ಯಾರೂ ಉಸಿರೆತ್ತಲಿಲ್ಲ. ನಾಲ್ಕನೆಯದು. ಎಬ್ಬಿಸುವವಳು ಅಂಗೈ ಇಡುವಷ್ಟರಲ್ಲಿ ಹುಡುಗಿ ತಾನೇ ಬಟ್ಟೆ ಕಿತ್ತೆಸೆದು ಒಂದು ಸೀನು ಸೀನಿದಳು. ಸುತ್ತ ನೋಡಿ, "ಅಪ್ಪ ಯಾಕೆ ಅಳ್ತಿದಾನೆ?" ಅಂದಳು.

ಕಣದಲ್ಲಿ ಎದ್ದ ಗದ್ದಲ ಏನು ಹೇಳಲಿ! ತಂದೆ ಅವಳನ್ನು ಹೆಗಲ ಮೇಲೆ ಹೊತ್ತ. ಎರಡು ಬೀದಿಯ ಜನವೂ ಹಿಂದೆ ಮುಂದೆ ಓಡುತ್ತಾ ಅವಳನ್ನು ದೋಣಿಯ ಹತ್ತಿರ ತಂದರು. ನಿಂತವನ ಪಕ್ಕದಲ್ಲೇ ಅವಳನ್ನು ಇಳಿಸಿದರು. ಅಂಬಿಗ ಎದ್ದು ನಿಂತ.

"ಅಜ್ಜೀನ ಕೇಳಿದ್ಯಾ?"

ಹುಡುಗಿ ಕಣ್ಣು ಮುಚ್ಚಿದಳು. ತುಂಬಾ ಹೊತ್ತಾಯಿತು. ಹುಡುಗಿ ಒಂದು ಕಣ್ಣು ತೆರೆದಳು.

"ಒಬ್ಬಳೇ ಇದಾಳೆ" ಅಂದಳು.

ತಾಯಿ ಹೋ ಅಂತ ಅತ್ತಳು. "ಏನಂದ್ಲು? ಏನಂದ್ಲು ಕಂದಾ?"

"ಏನೂ ಅನ್ನಲ್ಲ. ನನ್ನೇ ನೋಡ್ತಾ ಕೂತಿದಾಳೆ."

"ದಾರ ಹಿಡ್ಕೊಂಡು ಹೋದ್ಯಾ?" ಅಂದಳು ಯಜಮಾನಿ.

"ಹೂಂ. ಎರಡು ದಾರಾನೂ ಅವಳ ಹತ್ರಾನೇ ಹೋಗ್ತವೆ. ಆದ್ರೆ ಅವಳಿಗೆ ಏನೂ ಗೊತ್ತಿಲ್ಲ. ನಾನ್ಯಾರಮ್ಮ ಅಂತ ನನ್ನೇ ಕೇಳ್ತಾಳೆ."

ಎಬ್ಬಿಸುವವಳಿಗೆ ಆಗ ಹೊಳೆಯಿತು. ಅಯ್ಯೋ ಶಿವನೇ. ಏಳು ಅಂದೆ; ಯಾರಾಗಿ ಏಳು ಅನ್ನಲಿಲ್ಲ. ಹಿರಿಯರ ಮಾತು ಒಳಗೆ ಹೋಗದಂತೆ ಕಾದದ್ದೇ ಕಾದದ್ದು. ಅವರ ಮಾತು ನಡೆಯದ ಮೇಲೆ ಮಾತು ಹಾಕಬೇಕಾದವಳು ಕೊನೆಯವಳು. ಕೊನೆಯವಳ ಪರವಾಗಿ ನಿಂತವಳು ನಾನು. ಬಾಯಿಗೆ ಬಂದಷ್ಟು ಅಂದು ಸುಮ್ಮನಾದೆ. ಅಣ್ಣನಿಗೆ ಇಬ್ಬರು ಅಜ್ಜಿಯರು ಹೆಚ್ಚಾದರು, ತಂಗಿಗೆ ಬಂದ ಒಬ್ಬಳೂ ಬರಿದು.

"ತಪ್ಪು ನನ್ನದು" ಅಂದಳು, ಎಲ್ಲರಿಗೂ ಕೇಳುವಂತೆ. "ದಾರ ನೋಡ್ತಾ ಮಾತು ಮರೆತೆ."

ಜನ ಗುಜುಗುಜು ಅಂದಿತು. ಯಜಮಾನ ಯಜಮಾನಿಯ ಮುಖ ನೋಡಿದ, ಯಜಮಾನಿ ಯಜಮಾನನ ಮುಖ ನೋಡಿದಳು. ತಲೆಮಾರುಗಳಲ್ಲಿ ಮೊದಲ ಸಲ ಎರಡು ಬೀದಿಗಳ ಬಾಯಲ್ಲಿ ಒಂದೇ ಮಾತು ಬಂತು.

"ಇಳಿಸು."

"ಖಾಲಿ ಅಜ್ಜಿ ಇರೋಳು ನಾಳೆ ಏನು ಮಾಡ್ತಾಳೋ ಯಾರು ಕಂಡೋರು?" ಅಂದ ಯಜಮಾನ. "ಇಳಿಸಿ, ಮುಂದೆ ಮಗು ಆದ್ರೆ ಸರಿಯಾಗಿ ಎಬ್ಬಿಸು. ಈ ಸಲ ಇಳಿಸೋಕೆ ಜಗಳಾನೂ ಇಲ್ಲ, ಅಜ್ಜಿ ಒಬ್ಬಳೇ."

ತಾಯಿ ಮಗಳನ್ನು ಎದೆಗೆ ಅವುಚಿಕೊಂಡಳು. ಹುಡುಗಿ ಅವಳ ತೋಳ ಸಂದಿನಿಂದ ತಲೆ ಹೊರಗೆ ಹಾಕಿದಳು. "ಅಜ್ಜಿಗೆ ಗೊತ್ತಿಲ್ದಿದ್ರೆ ನಾನೇ ಹೇಳಿಕೊಡ್ತೀನಿ. ಅವಳು ಕೇಳಿಸ್ಕೊತಾಳೆ, ಒಳ್ಳೆಯೋಳು."

"ಮೊಮ್ಮಗಳು ಅಜ್ಜಿಗೆ ಹೇಳಿಕೊಡೋದಾ! ಇದೊಂದು ಬಾಕಿ ಇತ್ತು" ಅಂದಳು ಯಜಮಾನಿ. ಎಬ್ಬಿಸುವವಳ ಕಡೆ ತಿರುಗಿದಳು. "ನಮ್ಮ ಮಾತು ಬೇಡ. ನೀನು ಕೆಳಬೀದಿಯೋಳು. ನಿನ್ನ ಅಜ್ಜೀನೇ ಕೇಳು, ಎಲ್ಲರ ಮುಂದೆ."

ಆ ಊರಲ್ಲಿ ಅಜ್ಜೀನ ಕೇಳು ಅಂದರೆ ಒಲ್ಲೆ ಅನ್ನುವಂತಿಲ್ಲ. ರೆಪ್ಪೆಗಳು ತಾವೇ ಮುಚ್ಚಿಕೊಂಡವು. ಎಬ್ಬಿಸುವವಳು ಒಳಗೆ ತಿರುಗಿದಳು. ಮೊಣಕಾಲಿನಲ್ಲಿ ಹೊಸ್ತಿಲು ಬಿಟ್ಟು ಕದಲದವಳು ಕೂತಿದ್ದಳು. ಎಬ್ಬಿಸುವವಳು ಬೇಡಿಕೊಂಡಳು, ಕಾಲು ಹಿಡಿದಳು. ಈ ಹುಡುಗಿಯನ್ನು ಬಿಡು ಅಜ್ಜಿ, ಕೂಸು, ನಿನ್ನೆ ತನಕ ನನ್ನ ಸೆರಗು ಹಿಡಿದು ಆಡುತ್ತಿತ್ತು. ಅಜ್ಜಿ ಅವಳನ್ನು ನೋಡಲೂ ಇಲ್ಲ. ಎಲ್ಲ ಅಜ್ಜಿಯರೂ ಹೇಳುವ ಹಾಗೆ ಒಂದೇ ಮಾತು ಹೇಳಿದಳು.

"ಇಳಿಸು."

ಕಣ್ಣು ತೆರೆಯುವಷ್ಟರಲ್ಲಿ ಕೈಗಳು ಎದ್ದಿದ್ದವು. ಅವಳ ಕೈಗಳೇ. ನೂರಾರು ಮಕ್ಕಳನ್ನು ಎಬ್ಬಿಸಿದ ಕೈಗಳು ಹುಡುಗಿಯ ನೆತ್ತಿಯ ಕಡೆಗೆ ಚಾಚಿಕೊಂಡು ಹೊರಟವು. ಹುಡುಗಿ ಹೆದರಲಿಲ್ಲ, ಈ ಕೈ ಅವಳಿಗೆ ಚೆನ್ನಾಗಿ ಗೊತ್ತು. ಇಳಿಸುವುದು ಕೈಯ ಕೆಲಸ, ಅಜ್ಜಿ ಕಾಲಿಗೆ ಇನ್ನೂ ಏನೂ ಹೇಳಿರಲಿಲ್ಲ. ಆ ಒಂದು ಗಳಿಗೆಯಲ್ಲಿ ಅವಳು ಗಿರಕ್ಕನೆ ತಿರುಗಿ ಎರಡು ಹೆಜ್ಜೆ ಹಾಕಿ ದೋಣಿಯೊಳಗೆ ಬಿದ್ದಳು.

ಕೈಗಳು ದೋಣಿಯ ಅಂಚು ಹಿಡಿದು ಮತ್ತೆ ದಡ ಹತ್ತಲು ನೋಡಿದವು. ಅವಳು ಎರಡು ಕೈಗಳನ್ನೂ ತನ್ನ ಕೆಳಗೆ ಹಾಕಿಕೊಂಡು ಗಟ್ಟಿಯಾಗಿ ಕೂತಳು.

"ದೋಣಿ ಬಿಡು" ಅಂದಳು ಅಂಬಿಗನಿಗೆ. "ಆಚೆ ದಡಕ್ಕೆ."

ಅಂಬಿಗ ಹುಟ್ಟು ಹಿಡಿದೇ ಕೇಳಿದ. "ಅಜ್ಜೀನ ಕೇಳಿದ್ಯಾ?"

"ಕೇಳಿದೆ. ಇಳಿಸು ಅಂದಳು. ನಾನು ಒಲ್ಲೆ."

ಒಲ್ಲೆ ಅನ್ನುವ ಮಾತನ್ನು ಆ ದಂಡೆ ಅವತ್ತೇ ಮೊದಲು ಕೇಳಿದ್ದು. ಅಂಬಿಗ ಹುಟ್ಟು ಕೆಳಗಿಟ್ಟುಬಿಟ್ಟ. "ನಾನು ಹೆಂಗೆ ಬಿಡ್ಲಿ ತಾಯಿ? ನನ್ನ ಅಜ್ಜಿ ಬೇಡ ಅಂತಾಳೆ, ನನ್ನ ಕೈ ಏಳ್ತಾನೇ ಇಲ್ಲ ನೋಡು."

ನಿಜ, ಅವನ ಕೈ ಏಳಲಿಲ್ಲ. ಯಾರ ಕೈಯೂ ಏಳಲಿಲ್ಲ. ತಾಯಿ ದೋಣಿಯ ಹಗ್ಗದವರೆಗೆ ಬಂದಳು, ಅವಳ ಅಜ್ಜಿ ಏನಂದಳೋ, ಬೆರಳು ಮುದುರಿಕೊಂಡವು. ಎಬ್ಬಿಸುವವಳ ಕೆಳಗೆ ಅವಳ ಕೈಗಳು ಹಲಗೆಯನ್ನು ಪರಚುತ್ತಿದ್ದವು.

"ಮಗಾ" ಅಂತ ಕರೆದಳು ಹುಡುಗಿಯನ್ನು. "ಇಲ್ಲಿ ಬಾ. ಹತ್ರ ಬರಬೇಡ, ಅಲ್ಲೇ ನಿಂತ್ಕೊ. ನಿನ್ನ ಎಬ್ಬಿಸಿದ ಕೈ ಇದೊಂದೇ, ಇಳಿಸೋ ಕೈಯೂ ಇದೊಂದೇ. ಈ ಊರಲ್ಲಿ ಇದು ಇರೋತನಕ ನಿನ್ನ ಬಿಡಲ್ಲ. ನೀನು ದೋಣಿ ತಳ್ತೀಯಾ?"

"ಅಜ್ಜೀನ ಕೇಳ್ಲಾ?"

"ಕೇಳು. ಬೇಗ ಕೇಳು."

ಹುಡುಗಿ ಕಣ್ಣು ಮುಚ್ಚಿ ತೆರೆದಳು. "ನೀನೇ ಹೇಳು ಅಂದಳು."

ಎಬ್ಬಿಸುವವಳಿಗೆ ನಗು ಬಂತೋ ಅಳು ಬಂತೋ, ಎರಡೂ ಬಂದವು. "ಹಂಗಾದ್ರೆ ನಿನಗೇನು ಅನ್ಸುತ್ತೆ?"

ಹುಡುಗಿ ಸ್ವಲ್ಪ ಯೋಚಿಸಿದಳು. ಹಗ್ಗ ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲು ಹಾಕಿದಳು. ಆಮೇಲೆ ಎರಡು ಪುಟ್ಟ ಕೈಗಳನ್ನು ದೋಣಿಯ ಮೂತಿಗೆ ಕೊಟ್ಟು, ಕಾಲು ಕೆಸರಲ್ಲಿ ಊರಿ, ತಳ್ಳಿದಳು. ಒಂದು ಸಲಕ್ಕೆ ಹೋಗಲಿಲ್ಲ. ಎರಡನೆಯ ಸಲಕ್ಕೆ ಹೋಗಲಿಲ್ಲ. ಮೂರನೆಯ ಸಲಕ್ಕೆ ದೋಣಿ ನೀರಿಗಿಳಿಯಿತು. ಸುತ್ತ ನಿಂತಿದ್ದ ಅಷ್ಟು ಜನ ಅವಳನ್ನು ನೋಡುತ್ತಲೇ ಇದ್ದರು. ನಿಂತವನೂ ನೋಡುತ್ತಿದ್ದ. ಅವನ ಕಾಲು ಇಳಿಯಿತೇ ಅಂತ ಕೇಳಬೇಡಿ, ಇಳಿಯಲಿಲ್ಲ. ಎಲ್ಲ ಒಂದೇ ದಿನಕ್ಕೆ ಸರಿಹೋಗುತ್ತದೆ ಅಂತ ಯಾರು ಹೇಳಿದರು ನಿಮಗೆ?

ಸೆಳವು ದೋಣಿಯನ್ನು ಎತ್ತಿಕೊಂಡಿತು. ಎಬ್ಬಿಸುವವಳು ಕೈ ಮೇಲೆ ಕೂತವಳು ಏಳಲಿಲ್ಲ. ನಡುಗಡ್ಡೆ ಪಕ್ಕದಲ್ಲಿ ಸರಿದು ಹೋಯಿತು. ಅಲ್ಲಿ ಗೇಯುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ನೋಡಿದರು. ಮೊಣಕಾಲಿನೊಳಗೆ ಅಜ್ಜಿ ಬೈದಳು, ಇಳಿಸು ಇಳಿಸು ಅಂತ ಅದನ್ನೇ ಬಡಿದಳು. ಮಂಜು ಬಂತು. ಮಂಜಿನೊಳಗೆ ಹೊಕ್ಕ ಮೇಲೆ ಆ ದನಿ ಸಣ್ಣಗಾಗುತ್ತಾ ಬಂದು ನಿಂತಿತು. ಕೈಗಳು ಸುಮ್ಮನಾದವು. ಹೊರಗೆ ತೆಗೆದು ನೋಡಿದಳು. ಉಗುರು ಕಿತ್ತು ರಕ್ತ ಬಂದಿತ್ತು. ಇನ್ನು ಈ ಕೈಯಿಂದ ಯಾರನ್ನೂ ಎಬ್ಬಿಸುವಂತಿಲ್ಲ, ತಿರುಗಿ ಊರಿಗೆ ಹೋಗುವಂತಿಲ್ಲ, ಅದು ಅವಳಿಗೆ ಆಗ ಗೊತ್ತಾಯಿತು.

ದೋಣಿ ಯಾವುದಕ್ಕೋ ತಾಗಿ ನಿಂತಿತು. ದಡ. ಅವಳು ಇಳಿದಳು. ಮೊಣಕಾಲವರೆಗೆ ಕೆಸರು.

ಹೊಳೆಯ ಮೇಲಿಂದ ಒಂದು ಎಳೆ ದನಿ ತೇಲಿ ಬಂತು. ಅಷ್ಟು ದೂರದಿಂದ ಹೇಗೆ ಕೇಳಿಸಿತು ಅಂತ ಕೇಳಿದರೆ ನನಗೆ ಗೊತ್ತಿಲ್ಲ, ಕೇಳಿಸಿತು.

"ಎಬ್ಬಿಸೋ ಅಮ್ಮಾ! ಅಲ್ಲಿ ಏನಿದೆ? ಅಜ್ಜಿ ಕೇಳ್ತಿದಾಳೆ!"

ಎಬ್ಬಿಸುವವಳು ಸುತ್ತ ನೋಡಿದಳು. ಮಂಜು, ಜೊಂಡು, ಅದರಾಚೆಗೆ ಮತ್ತೆ ಮಂಜು. ಒಂದು ದೊಡ್ಡ ಮಾತು ಹೇಳೋಣ ಅಂದುಕೊಂಡಳು. ಖಾಲಿ ಅಜ್ಜಿಯ ಕಿವಿಗೆ ಬೀಳುವ ಮೊದಲ ಮಾತು, ಹೊರಟವಳು ಅನ್ನಬೇಕೋ ಉಳಿದವಳು ಅನ್ನಬೇಕೋ. ಬಾಯಿಗೆ ಬರಲಿಲ್ಲ.

"ಕೆಸರು ಕಣೇ!" ಅಂತ ಕೂಗಿದಳು. "ಇಲ್ಲೂ ಬರೀ ಕೆಸರೇ! ಕಾಲು ಹೂತು ಹೋಗ್ತಿದೆ ಅಂತ ಹೇಳು!"

ಹುಡುಗಿ ಕಣ್ಣು ಮುಚ್ಚಿ ಒಳಗೆ ಹೋಗಿರಬೇಕು, ಅಜ್ಜಿಗೆ ಹೇಳುತ್ತಿರಬೇಕು. ಎಬ್ಬಿಸುವವಳು ಕಾದಳು. ಹೂಂ ಅನ್ನುತ್ತಾಳೋ, ಊಹೂಂ ಅನ್ನುತ್ತಾಳೋ. ಅಜ್ಜಿಯರು ಬೇರೆ ಏನಾದರೂ ಅಂದದ್ದನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಅಮ್ಮಾ!" ದನಿ ಮತ್ತೆ ಬಂತು. "ಅಜ್ಜಿ ಕೇಳ್ತಿದಾಳೆ, ಊಟ ಮಾಡಿದ್ಯಾ ಅಂತ!"

ಎಬ್ಬಿಸುವವಳು ಹಾಗೇ ಕೆಸರಲ್ಲಿ ಕೂತುಬಿಟ್ಟಳು. ರಕ್ತ, ಕೆಸರು ಹತ್ತಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು, ಮುಖವೆಲ್ಲ ಕೆಸರಾಯಿತು.

"ಇಲ್ಲ ಅಂತ ಹೇಳವ್ವಾ" ಅಂದಳು. ಕೂಗಲು ಆಗಲಿಲ್ಲ, ಮೆಲ್ಲಗೆ ಅಂದಳು. "ಬೆಳಗ್ಗಿಂದ ಇಲ್ಲ."